ಬಟ್ಟೆ ಒಗೆಯುವ ಯಂತ್ರದಲ್ಲಿ ನೀರು ನಿಂತಾಗ

ಹೊಲದಲ್ಲಿ ನೀರು ನಿಂತು ಪೈರು ಹಳದಿಯಾದರೆ ಅನುಭವಿ ರೈತನು ಕೂಡಲೇ ಗೊಬ್ಬರದ ಅಂಗಡಿಗೆ ಓಡುವುದಿಲ್ಲ. ಮೊದಲು ಬಸಿಗಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುತ್ತಾನೆ. ಬಟ್ಟೆ ಒಗೆಯುವ ಯಂತ್ರದ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಯಂತ್ರವು ಬಟ್ಟೆಯನ್ನು ಹಿಂಡದೆ ನಿಂತುಬಿಟ್ಟರೆ "ಮೋಟಾರು ಸುಟ್ಟಿತು" ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಎಷ್ಟೋ ಸಲ ಮೋಟಾರು ಸರಿಯಾಗಿಯೇ ಇರುತ್ತದೆ. ನೀರು ಹೊರಹೋಗುವ ದಾರಿ ಕಟ್ಟಿರುತ್ತದೆ.

ಇಂದು ಹಳ್ಳಿಯ ಅನೇಕ ಮನೆಗಳಲ್ಲಿ ಈ ಯಂತ್ರವಿದೆ. ನಾಟಿ, ಕೊಯ್ಲಿನ ದಿನಗಳಲ್ಲಿ ಹೊಲದ ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ಉಪಕಾರ ಸಣ್ಣದಲ್ಲ. ಅಂತಹ ದಿನಗಳಲ್ಲಿಯೇ ಯಂತ್ರ ಕೆಟ್ಟರೆ ತಾಲ್ಲೂಕು ಕೇಂದ್ರದಿಂದ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು, ಹಣವನ್ನೂ ತೆರಬೇಕು. ಆದುದರಿಂದ ಮನೆಯವರೇ ಪರೀಕ್ಷಿಸಬಹುದಾದ ಸಂಗತಿಗಳು ಯಾವುವು, ಮುಟ್ಟಬಾರದವು ಯಾವುವು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ನೀರಿಗೂ ಹಿಂಡುವುದಕ್ಕೂ ಇರುವ ಸಂಬಂಧ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ತೊಟ್ಟಿಯಲ್ಲಿ 20 ಲೀಟರ್ ನೀರು ಉಳಿದರೆ ಬಟ್ಟೆಯ ಜೊತೆಗೆ 20 ಕಿಲೋ ಹೆಚ್ಚಿನ ಭಾರವಿದ್ದಂತಾಯಿತು. ಹಿಂಡುವಾಗ ತೊಟ್ಟಿಯು ನಿಮಿಷಕ್ಕೆ ನೂರಾರು ಸುತ್ತು, ಕೆಲವು ಯಂತ್ರಗಳಲ್ಲಿ 1,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಇಷ್ಟು ಭಾರ ಹೊತ್ತು ಆ ವೇಗದಲ್ಲಿ ತಿರುಗಿದರೆ ಯಂತ್ರಕ್ಕೆ ಅಪಾಯ. ಅದಕ್ಕಾಗಿಯೇ ಪೂರ್ಣ ಸ್ವಯಂಚಾಲಿತ ಯಂತ್ರಗಳಲ್ಲಿ ನೀರಿನ ಮಟ್ಟವನ್ನು ಅಳೆಯುವ ಸಾಧನವಿದ್ದು, ನೀರು ಖಾಲಿಯಾಗುವವರೆಗೆ ಅದು ಹಿಂಡುವ ಕೆಲಸಕ್ಕೆ ಅನುಮತಿ ಕೊಡುವುದಿಲ್ಲ. ಎರಡು ತೊಟ್ಟಿಗಳ ಅರೆ ಸ್ವಯಂಚಾಲಿತ ಯಂತ್ರದಲ್ಲಿ ಹಿಂಡುವ ತೊಟ್ಟಿಯ ತಳದಲ್ಲಿ ನೀರು ನಿಂತರೆ ಬುಟ್ಟಿಯು ನೀರಿನಲ್ಲಿಯೇ ತಿರುಗಲು ಹೆಣಗುತ್ತದೆ. ಆದುದರಿಂದ ಯಂತ್ರ ಹಿಂಡದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ: ನೀರು ಹೋಗಿದೆಯೇ?

ಕೈ ಹಾಕುವ ಮುನ್ನ

ಪ್ಲಗ್ಗನ್ನು ಗೋಡೆಯಿಂದ ಕಿತ್ತು ಇಡಬೇಕು. ಸ್ವಿಚ್ ಆರಿಸಿದರೆ ಸಾಲದು. ನಾನೇ ಒಮ್ಮೆ ಸ್ವಿಚ್ ಆರಿಸಿದ್ದೇನೆಂಬ ಧೈರ್ಯದಿಂದ, ಬರಿಗಾಲಿನಲ್ಲಿ, ಒದ್ದೆ ನೆಲದ ಮೇಲೆ ನಿಂತು ತೊಟ್ಟಿಗೆ ಕೈ ಹಾಕಿ ಕರೆಂಟು ಹೊಡೆಸಿಕೊಂಡಿದ್ದೇನೆ. ಸ್ವಿಚ್ಚನ್ನು ಫೇಸ್ ತಂತಿಗೆ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಲಾಗಿತ್ತು, ಅರ್ಥ್ ತಂತಿಯೂ ಕಡಿದುಹೋಗಿತ್ತು ಎಂಬುದು ಆಮೇಲೆ ತಿಳಿಯಿತು. ಪ್ಲಗ್ ಕಿತ್ತಿದ್ದರೆ ಆ ಪಾಠದ ಅಗತ್ಯವಿರುತ್ತಿರಲಿಲ್ಲ. ಯಂತ್ರವಿರುವ ಮನೆಯಲ್ಲಿ ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್ ಸೋರಿಕೆಗೆ ಕರೆಂಟು ಕಡಿಯುವ ಸುರಕ್ಷಾ ಸ್ವಿಚ್ ಇರಲೇಬೇಕು. ಬಿಸಿನೀರಿನಲ್ಲಿ ಒಗೆದಿದ್ದರೆ ನೀರು ಆರುವವರೆಗೆ ಕಾಯಬೇಕು.

ನೀರು ಹೊರಹೋಗದಿದ್ದರೆ

1. ಹೊರಪೈಪು: ಮೊದಲು ಯಂತ್ರದ ಹಿಂಭಾಗವನ್ನು ನೋಡಿ. ಪೈಪು ಮಡಿಚಿಕೊಂಡಿರಬಹುದು, ಯಂತ್ರದ ಅಡಿ ಸಿಕ್ಕಿಕೊಂಡಿರಬಹುದು, ಪಾಚಿ ಕಟ್ಟಿರಬಹುದು. ಪೈಪಿನ ಎತ್ತರವೂ ಮುಖ್ಯ. ಅರೆ ಸ್ವಯಂಚಾಲಿತ ಯಂತ್ರಗಳಲ್ಲಿ ಮತ್ತು ಮೇಲಿನಿಂದ ಬಟ್ಟೆ ತುಂಬುವ ಅನೇಕ ಯಂತ್ರಗಳಲ್ಲಿ ನೀರು ತಾನಾಗಿಯೇ ಇಳಿಜಾರಿಗೆ ಹರಿಯುತ್ತದೆ. ಇಂತಹವುಗಳ ಪೈಪು ನೆಲಕ್ಕೆ ಒರಗಿಯೇ ಇರಬೇಕು. ಬಚ್ಚಲಿನ ಕಟ್ಟೆ ಅಥವಾ ಹೊಸಿಲು ದಾಟಿಸಿದರೆ ನೀರು ಏರುವುದಿಲ್ಲ. ಮುಂದಿನಿಂದ ಬಟ್ಟೆ ತುಂಬುವ ಯಂತ್ರದಲ್ಲಿ ನೀರನ್ನು ಪಂಪು ಮೇಲೆತ್ತುತ್ತದೆ. ಇದರ ಪೈಪನ್ನು ಕೈಪಿಡಿಯಲ್ಲಿ ಹೇಳಿದಷ್ಟು ಎತ್ತರಕ್ಕೆ ಸಿಕ್ಕಿಸಬೇಕು. ಯಾವ ಬಗೆಯ ಯಂತ್ರವೇ ಆಗಲಿ, ಪೈಪಿನ ತುದಿ ಗುಂಡಿಯ ನೀರಿನಲ್ಲಿ ಮುಳುಗಿರಬಾರದು.

2. ಪಂಪಿನ ಶೋಧಕ: ಮುಂದಿನಿಂದ ತುಂಬುವ ಯಂತ್ರದ ಕೆಳಮೂಲೆಯಲ್ಲಿ ಸಣ್ಣ ಮುಚ್ಚಳವೊಂದಿದ್ದು, ಅದರ ಒಳಗೆ ತಿರುಗಿಸಿ ತೆಗೆಯುವ ಶೋಧಕ ಅಂದರೆ ಫಿಲ್ಟರ್ ಇರುತ್ತದೆ. ಅಡಿಯಲ್ಲಿ ಅಗಲವಾದ ತಟ್ಟೆ, ಹಳೆಯ ಬಟ್ಟೆ ಇಟ್ಟು, ಪಕ್ಕದಲ್ಲಿ ಸಣ್ಣ ನಳಿಕೆ ಇದ್ದರೆ ಅದರ ಮೂಲಕ ನೀರು ಬಿಟ್ಟು, ನಂತರ ಶೋಧಕವನ್ನು ನಿಧಾನವಾಗಿ ಸಡಿಲಿಸಬೇಕು. ನಾಣ್ಯ, ಗುಂಡಿ, ಮೊಳೆ, ದಾರ, ಹುಲ್ಲು, ಭತ್ತದ ಕಾಳು ಇಲ್ಲಿ ಸೇರಿಕೊಳ್ಳುತ್ತವೆ. ಬದುವಿನ ಉತ್ತರಾಣಿ ಬೀಜ ನಮ್ಮ ಪಂಚೆ ಸೀರೆಗಳಿಗೆ ಅಂಟಿಕೊಂಡು ಬಂದು ಇಲ್ಲಿ ಜೊಂಪೆ ಕಟ್ಟುವುದುಂಟು. ಶೋಧಕ ತೆಗೆದ ಮೇಲೆ ಬ್ಯಾಟರಿ ಬೆಳಕಿನಲ್ಲಿ ಒಳಗೆ ನೋಡಿದರೆ ಪಂಪಿನ ಸಣ್ಣ ಚಕ್ರ ಕಾಣುತ್ತದೆ. ಅದನ್ನು ಕಡ್ಡಿಯಿಂದ ತಿರುಗಿಸಿ. ತಡೆತಡೆದು ತಿರುಗಿದರೆ ಗಾಬರಿ ಬೇಡ. ಒಳಗಿನ ಅಯಸ್ಕಾಂತದಿಂದ ಹಾಗಾಗುತ್ತದೆ. ಸುತ್ತಿಕೊಂಡ ದಾರವಿದ್ದರೆ ಬಿಡಿಸಿ, ಶೋಧಕವನ್ನು ತೊಳೆದು ಭದ್ರವಾಗಿ ಕೂರಿಸಿ. ತೊಟ್ಟಿಗೆ ಒಂದೆರಡು ಲೀಟರ್ ನೀರು ಸುರಿದು ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

3. ಬಸಿಯುವ ಕವಾಟ: ಅರೆ ಸ್ವಯಂಚಾಲಿತ ಯಂತ್ರದಲ್ಲಿ ಗುಂಡಿಯನ್ನು ನೀರು ಬಿಡುವ ಕಡೆಗೆ ತಿರುಗಿಸಿದಾಗ ಒಳಗಿನ ಪಟ್ಟಿಯೊಂದು ರಬ್ಬರ್ ಕವಾಟವನ್ನು ಎತ್ತುತ್ತದೆ. ಗುಂಡಿ ಸಡಿಲವಾಗಿ ತಿರುಗಿದರೆ ಪಟ್ಟಿ ಕಳಚಿರಬಹುದು. ಕವಾಟದಲ್ಲಿ ಕಸ ಸಿಕ್ಕಿದರೆ ನೀರು ಹೋಗದಿರಬಹುದು, ಇಲ್ಲವೇ ಸದಾ ಸೋರುತ್ತಿರಬಹುದು.

4. ನೊರೆ: ಸೋಪಿನ ಪುಡಿ ಹೆಚ್ಚಾದರೆ ಪಂಪು ನೀರಿನ ಬದಲು ನೊರೆಯನ್ನು ಎಳೆಯುತ್ತದೆ. ಅರ್ಧ ಗಂಟೆ ಬಿಟ್ಟು, ಸೋಪಿಲ್ಲದೆ ಬರೀ ನೀರಿನಲ್ಲಿ ಜಾಲಿಸುವ ಕ್ರಮ ನಡೆಸಿ.

ನೀರು ಹೋದರೂ ಹಿಂಡದಿದ್ದರೆ

ಬಟ್ಟೆ ಒಂದೇ ಕಡೆ ಸೇರಿರುವುದು ಸಾಮಾನ್ಯ ಕಾರಣ. ನೆನೆದ ಕಂಬಳಿಯೊಂದನ್ನೇ ಹಾಕಿದರೆ ತೊಟ್ಟಿಯ ತೂಕ ಒಂದು ಬದಿಗೆ ವಾಲುತ್ತದೆ. ಬಟ್ಟೆಯನ್ನು ಬಿಡಿಸಿ ಸಮನಾಗಿ ಹರಡಬೇಕು. ಅರೆ ಸ್ವಯಂಚಾಲಿತದಲ್ಲಿ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಿಲ್ಲೆಯನ್ನು ಒತ್ತಿ ಇಡಬೇಕು. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ಸಮನಾಗಿ ಕೂತಿರಬೇಕು.

ಮುಚ್ಚಳ ಪೂರ್ಣ ಮುಚ್ಚದಿದ್ದರೆ ಸುರಕ್ಷತೆಗಾಗಿ ಯಂತ್ರ ತಿರುಗುವುದಿಲ್ಲ. ಮುಚ್ಚಳದ ಸ್ವಿಚ್ಚಿಗೆ ಕಡ್ಡಿ ಸಿಕ್ಕಿಸಿ ಓಡಿಸುವ ಅಭ್ಯಾಸ ಕೆಲವರಲ್ಲಿದೆ. ಇದು ಮಕ್ಕಳ ಕೈ ಮುರಿಯುವ ಕೆಲಸ, ಎಂದಿಗೂ ಮಾಡಬಾರದು.

ಕಾಲುಚೀಲ, ಕರವಸ್ತ್ರದಂತಹ ಸಣ್ಣ ಬಟ್ಟೆ ಬುಟ್ಟಿಗೂ ಹೊರತೊಟ್ಟಿಗೂ ನಡುವೆ ಜಾರಿ ಸಿಕ್ಕಿಕೊಂಡರೂ ತಿರುಗುವುದು ನಿಲ್ಲುತ್ತದೆ. ಪ್ಲಗ್ ಕಿತ್ತ ಮೇಲೆ ಬುಟ್ಟಿಯನ್ನು ಕೈಯಿಂದ ತಿರುಗಿಸಿ ನೋಡಿದರೆ ಇದು ತಿಳಿಯುತ್ತದೆ. ಅರೆ ಸ್ವಯಂಚಾಲಿತದಲ್ಲಿ ಮುಚ್ಚಳ ತೆರೆದಿದ್ದರೆ ಬ್ರೇಕು ಹಿಡಿದಿರುತ್ತದೆ ಎಂಬುದು ನೆನಪಿರಲಿ.

ಹಳ್ಳಿಯಲ್ಲಿ ಇನ್ನೊಂದು ಕಾರಣ ವಿದ್ಯುತ್ತಿನ ಒತ್ತಡ. ಈ ಮೋಟಾರುಗಳು 230 ವೋಲ್ಟಿಗೆ ತಯಾರಾದವು. ನೀರೆತ್ತುವ ಪಂಪುಸೆಟ್ಟುಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ವೋಲ್ಟೇಜು ತಗ್ಗಿದರೆ ಮೋಟಾರು ಗುಂಯ್‌ಗುಟ್ಟುತ್ತದೆ, ತಿರುಗುವುದಿಲ್ಲ. ಆಗ ಕೂಡಲೇ ಆರಿಸಬೇಕು. ಹಾಗೆಯೇ ಬಿಟ್ಟರೆ ಸುರುಳಿ ಸುಡಬಹುದು.

ಮೆಕ್ಯಾನಿಕ್‌ಗೆ ಬಿಡಬೇಕಾದವು

ವೋಲ್ಟೇಜು ಸರಿಯಿದ್ದು, ಬುಟ್ಟಿ ಕೈಗೆ ಸಲೀಸಾಗಿ ತಿರುಗುತ್ತಿದ್ದರೂ ಮೋಟಾರು ಬರೀ ಶಬ್ದ ಮಾಡಿದರೆ ಕೆಪಾಸಿಟರ್ ಕೆಟ್ಟಿರಬಹುದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುವುದರಿಂದ ಮನೆಯವರು ಅದನ್ನು ಮುಟ್ಟಬಾರದು. ಸಡಿಲವಾದ ಬೆಲ್ಟು, ಸುಟ್ಟ ವಾಸನೆ, ಶೋಧಕ ಸ್ವಚ್ಛವಿದ್ದರೂ ಓಡದ ಪಂಪು, ಪ್ರತಿ ಸಲವೂ ಬೀಳುವ ಸುರಕ್ಷಾ ಸ್ವಿಚ್ ಇವೆಲ್ಲ ಅನುಭವಿ ಮೆಕ್ಯಾನಿಕ್‌ನ ಕೆಲಸಗಳು. ಏನೇನು ಪರೀಕ್ಷಿಸಿದ್ದೀರಿ ಎಂದು ಅವರಿಗೆ ಮೊದಲೇ ತಿಳಿಸಿದರೆ ಬೇಕಾದ ಬಿಡಿಭಾಗವನ್ನು ಜೊತೆಗೇ ತರುತ್ತಾರೆ.

ಮುಂಜಾಗ್ರತೆಯ ಕ್ರಮಗಳು

ಹೊಲದ ಬಟ್ಟೆಯನ್ನು ಹೊರಗೆ ಕೊಡವಿ, ಜೇಬು ನೋಡಿ, ಕೆಸರನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದು ನಂತರ ಯಂತ್ರಕ್ಕೆ ಹಾಕಬೇಕು. ತಿಂಗಳಿಗೊಮ್ಮೆ ಶೋಧಕವನ್ನು ತೊಳೆಯಬೇಕು. ಔಷಧಿ ಸಿಂಪಡಿಸಿದ ದಿನದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಸೇರಿಸದೆ ಬೇರೆಯಾಗಿಯೇ ಒಗೆದು, ಆ ಮೇಲೆ ಯಂತ್ರವನ್ನು ಒಮ್ಮೆ ಬರೀ ಸೋಪು ನೀರಿನಲ್ಲಿ ಓಡಿಸಬೇಕು. ಅದರ ನೀರು ಬಾವಿ, ಕೆರೆ, ದನಗಳ ತೊಟ್ಟಿಯ ಕಡೆಗೆ ಹರಿಯಕೂಡದು.

ಕ್ರಮವನ್ನು ಹೀಗೆ ನೆನಪಿಡಬಹುದು: ಮೊದಲು ಪ್ಲಗ್ಗು, ಆಮೇಲೆ ಪೈಪು, ಅದಾದ ಮೇಲೆ ಶೋಧಕ, ನಂತರ ಬಟ್ಟೆಯ ಸಮತೋಲ, ಕೊನೆಗೆ ಮೆಕ್ಯಾನಿಕ್. ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳ ಸಭೆಗಳಲ್ಲಿ ಯಂತ್ರವೊಂದನ್ನು ಎದುರಿಗಿಟ್ಟು ಇದನ್ನು ಮಾಡಿ ತೋರಿಸಿದರೆ, ಹೇಳಿದ್ದಕ್ಕಿಂತ ಕಂಡದ್ದು ಹೆಚ್ಚು ದಿನ ನೆನಪಿನಲ್ಲಿ ಉಳಿಯುತ್ತದೆ.