ಹಿಮ್ಮಡಿಗೆ ಬೇಕಾದ ಜಾಗ

ಥಾಮಸ್ ಸ್ಟೀವನ್ಸ್ 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸೈಕಲ್ಲೇರಿ ಹೊರಟು ಭೂಮಿಯನ್ನೇ ಸುತ್ತಿದ. ದಾರಿಯುದ್ದಕ್ಕೂ ಅವನ ಹಿಮ್ಮಡಿಗೆ ಸಾಮಾನಿನ ಅಡ್ಡಿ ಇರಲಿಲ್ಲ. ಅವನದು ದೊಡ್ಡ ಮುಂಚಕ್ರದ ಸೈಕಲ್. ಪೆಡಲ್ ಆ ಚಕ್ರದ ಅಚ್ಚಿಗೇ ಕೂಡಿಕೊಂಡಿತ್ತು, ಸಾಮಾನಿನ ಚೀಲ ಹ್ಯಾಂಡಲ್ ಮೇಲಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲಿನಲ್ಲಿ ಚೈನು ಹಿಂದಿನ ಚಕ್ರವನ್ನು ತಿರುಗಿಸಿತು. ಸವಾರ ಎರಡು ಚಕ್ರಗಳ ನಡುವೆ ತಗ್ಗಿನಲ್ಲಿ ಕೂತ; ತಲೆಕೆಳಗಾಗಿ ಬೀಳುವ ಭಯ ತಗ್ಗಿತು. ಆದರೆ ಪಾದಗಳು ಹಿಂದಿನ ಚಕ್ರದ ನೆರೆಗೆ ಬಂದವು. ಇಂದಿಗೂ ನಾವು ತುಳಿಯುವುದು ಅದೇ ವಿನ್ಯಾಸವನ್ನು. ಕ್ಯಾರಿಯರ್‌ನ ಎರಡೂ ಬದಿಗೆ ಚೀಲ ತೂಗುಹಾಕಿ ದೂರ ಹೊರಟವರಿಗೆ ಸುತ್ತುಸುತ್ತಿಗೂ ಹಿಮ್ಮಡಿ ಬಡಿಯುವುದು ಇದರಿಂದಲೇ.

ಲೆಕ್ಕ ಸರಳ, ಒಮ್ಮೆ ಮಾಡಿ ನೋಡಬೇಕು. ಪೆಡಲ್ ಮೇಲೆ ನಾವು ಊರುವುದು ಹೆಬ್ಬೆರಳ ಬುಡದ ಉಬ್ಬನ್ನು. ಸಾಧಾರಣ ಪಾದದಲ್ಲಿ ಹಿಮ್ಮಡಿಯ ಅಂಚು ಅಲ್ಲಿಂದ ಸುಮಾರು 18 ಸೆಂ.ಮೀ. ಹಿಂದಿರುತ್ತದೆ. ಪಾದ ಮಟ್ಟವಾಗಿದ್ದರೆ ಹಿಮ್ಮಡಿಯೂ ಪೆಡಲ್‌ನಷ್ಟೇ ದೊಡ್ಡ ವೃತ್ತದಲ್ಲಿ ಸುತ್ತುತ್ತದೆ, ಆ ವೃತ್ತದ ಕೇಂದ್ರ ಮಾತ್ರ 18 ಸೆಂ.ಮೀ. ಹಿಂದಕ್ಕೆ ಸರಿದಿರುತ್ತದೆ. ಕ್ರ್ಯಾಂಕಿನ ಉದ್ದ ಸಾಮಾನ್ಯವಾಗಿ 17 ಸೆಂ.ಮೀ. ಅಂದರೆ ಹಿಮ್ಮಡಿ ಕ್ರ್ಯಾಂಕಿನ ಅಚ್ಚಿನಿಂದ 35 ಸೆಂ.ಮೀ. ಹಿಂದಕ್ಕೆ ಹೋಗಿಬರುತ್ತದೆ. ಆ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ 43 ಸೆಂ.ಮೀ. ಇದೆಯೆನ್ನಿ. 30 ಸೆಂ.ಮೀ. ಅಗಲದ ಚೀಲವನ್ನು ಚಕ್ರದ ಅಚ್ಚಿಗೆ ಸರಿಯಾಗಿ ನಡುವಿಟ್ಟು ನೇತುಹಾಕಿದರೆ ಅದರ ಮುಂದಿನ ಅಂಚು 28ರಲ್ಲೇ ನಿಲ್ಲುತ್ತದೆ. 7 ಸೆಂ.ಮೀ. ಜಾಗಕ್ಕೆ ಕಾಲು, ಚೀಲ ಎರಡೂ ಹಕ್ಕುದಾರರು!

ಹಿಮ್ಮಡಿ ಅಷ್ಟು ಹಿಂದೆ ಹೋಗುವುದು ಪೆಡಲ್ ಕ್ರ್ಯಾಂಕಿನ ಅಚ್ಚಿನ ಮಟ್ಟದಲ್ಲಿರುವಾಗ. ಪೆಡಲ್ ಮೇಲೇರಿದಂತೆ ಅದು ಮತ್ತೆ ಮುಂದಕ್ಕೆ ಬರುತ್ತದೆ. ಹಾಗಾಗಿ ತಾಗುವುದು ಚೀಲದ ಕೆಳಗಿನ ಮುಂಮೂಲೆ ಮಾತ್ರ. ಪ್ರವಾಸಿ ಚೀಲಗಳ ಆ ಮೂಲೆಯನ್ನು ಓರೆಯಾಗಿ ಕತ್ತರಿಸಿ ಹೊಲಿಯುವುದು ಅದಕ್ಕೇ. ಅಂಥ ಚೀಲಗಳಲ್ಲಿ ಎಡದ್ದು ಬಲದ್ದು ಬೇರೆಬೇರೆ. ಅದಲುಬದಲಾದರೆ ಓರೆ ಹಿಂದಕ್ಕೆ ಹೋಗಿ ಅಡ್ಡಿ ಮುಂದೆ ಉಳಿಯುತ್ತದೆ.

ಕ್ರ್ಯಾಂಕನ್ನು 16.5 ಸೆಂ.ಮೀ.ಗೆ ಇಳಿಸಿದರೆ ಸಿಗುವುದು ಅರ್ಧ ಸೆಂಟಿಮೀಟರ್ ಅಷ್ಟೆ. ಚೀಲವನ್ನೇ ಹಿಂದಕ್ಕೆ ಸರಿಸುವುದು ಹೆಚ್ಚು ಫಲಕಾರಿ. ಕೊಕ್ಕೆ ಸರಿಸಬಹುದಾದ ಚೀಲಗಳೂ ಹಿಂದಕ್ಕೆ ಚಾಚಿದ ಕ್ಯಾರಿಯರ್‌ಗಳೂ ಸಿಗುತ್ತವೆ. ಆದರೆ ಇದಕ್ಕೆ ಬೆಲೆ ತೆರಬೇಕು. ಒಟ್ಟು 10 ಕಿಲೊ ಭಾರ ಹಿಂಚಕ್ರದ ಅಚ್ಚಿಗಿಂತ 10 ಸೆಂ.ಮೀ. ಹಿಂದಾದರೆ, ಸುಮಾರು 105 ಸೆಂ.ಮೀ. ಚಕ್ರಾಂತರದ ಸೈಕಲ್ಲಿನಲ್ಲಿ ಮುಂಚಕ್ರದ ಮೇಲಿನ ಭಾರ ಹೆಚ್ಚುಕಡಿಮೆ 1 ಕಿಲೊ ತಗ್ಗುತ್ತದೆ. ಸಮತಟ್ಟಿನಲ್ಲಿ ಅದು ಗೊತ್ತಾಗದು. ಕಡಿದಾದ ಏರಿನಲ್ಲಿ ಮುಂಚಕ್ರ ಮೊದಲೇ ಹಗುರವಾಗಿರುತ್ತದೆ, ಅಲ್ಲಿ ಹ್ಯಾಂಡಲ್ ತೊನೆಯತೊಡಗುತ್ತದೆ. ಕ್ಯಾರಿಯರ್‌ನ ಸರಳು ತೆಳುವಾಗಿದ್ದರೆ ಸೈಕಲ್ಲಿನ ಹಿಂಭಾಗವೇ ಓಲಾಡುತ್ತದೆ.

ನಿಜವಾದ ಪರಿಹಾರ ಇರುವುದು ಫ್ರೇಮಿನಲ್ಲಿ ಎಂಬುದು ನನ್ನ ದೃಢ ನಂಬಿಕೆ. ಕ್ರ್ಯಾಂಕಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ ಹೋಗುವ ಕೊಳವೆ ರೇಸ್ ಸೈಕಲ್ಲುಗಳಲ್ಲಿ 41 ಸೆಂ.ಮೀ. ಆಸುಪಾಸಿನಲ್ಲಿದ್ದರೆ, ದೂರಪ್ರವಾಸದ ಸೈಕಲ್ಲುಗಳಲ್ಲಿ 45–46ರವರೆಗೆ ಇರುತ್ತದೆ. ಅಲ್ಲಿ ಸಿಗುವ 4–5 ಸೆಂ.ಮೀ.ಗೆ ಯಾವ ಬೆಲೆಯನ್ನೂ ತೆರಬೇಕಿಲ್ಲ. ಚೀಲದ ಭಾರ ಚಕ್ರದ ಅಚ್ಚಿನ ಮೇಲೆಯೇ ಉಳಿಯುತ್ತದೆ. ರೇಸ್ ಸೈಕಲ್ಲಿಗೆ ದೊಡ್ಡ ಚೀಲ ಕಟ್ಟಲು ಹೊರಟವರು ಭಾರದ ಒಂದು ಪಾಲನ್ನು ಮುಂಚಕ್ರದ ಬದಿಗೋ ಸೀಟಿನ ಹಿಂದಿನ ಉದ್ದ ಚೀಲಕ್ಕೋ ವರ್ಗಾಯಿಸುವುದು ಮೇಲು.

ಕೊಳ್ಳುವ ಮುನ್ನ ಪರೀಕ್ಷೆಯಂತೂ ಬೇಕೇ ಬೇಕು. ಖಾಲಿ ಚೀಲದಿಂದ ಪ್ರಯೋಜನವಿಲ್ಲ, ಬಟ್ಟೆ ತುಂಬಿದಾಗ ಅದು ಮುಂದಕ್ಕೂ ಉಬ್ಬುತ್ತದೆ. ಪ್ರವಾಸಕ್ಕೆ ಹಾಕುವ ಬೂಟನ್ನೇ ತೊಟ್ಟು, ಇನ್ನೊಬ್ಬರಿಗೆ ಸೈಕಲ್ ಹಿಡಿಯಲು ಹೇಳಿ, ನಿಧಾನವಾಗಿ ಹಿಂದಕ್ಕೆ ಪೆಡಲ್ ತಿರುಗಿಸಿ. ಒಂದೆರಡು ಬೆರಳಿನಷ್ಟು ತೆರವು ಉಳಿಯಬೇಕು. ಬ್ರೇಕ್ ಹಾಕಿದಾಗ ಸಡಿಲ ಕೊಕ್ಕೆಯ ಚೀಲ ಮುಂದಕ್ಕೆ ಜಾರುತ್ತದೆ, ಆಗ ಕಾಯುವುದು ಆ ತೆರವೇ.