ಮನೆಯ ನಾಯಿಯು ಕೋಳಿ ಕುರಿಮರಿಗಳ ಮೇಲೆ ಬೀಳದಂತೆ ನೋಡಿಕೊಳ್ಳುವ ಬಗೆ

ಮುಧೋಳ ಸೀಮೆಯ ಬೇಟೆನಾಯಿಯು ಓಟಕ್ಕೂ ತೀಕ್ಷ್ಣ ದೃಷ್ಟಿಗೂ ಹೆಸರಾದುದು. 2005ನೆಯ ಇಸವಿಯಲ್ಲಿ ಭಾರತದ ಅಂಚೆ ಇಲಾಖೆಯವರು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. ಹೊಲ ತೋಟಗಳ ಕಾವಲಿಗೆಂದು ಇದನ್ನು ಸಾಕುವ ರೈತರು ಅನೇಕರುಂಟು. ಆದರೆ ಅದೇ ಅಂಗಳದಲ್ಲಿ ಕೋಳಿ, ಬೆಕ್ಕು, ಕುರಿಮರಿಗಳೂ ಇರುವುದರಿಂದ ನಷ್ಟವೊದಗುವುದೂ, ನೆರೆಯವರೊಡನೆ ವ್ಯಾಜ್ಯ ಬೆಳೆದು ಊರ ಹಿರಿಯರ ಮುಂದೆ ಬರುವುದೂ ಉಂಟು.

ನಾಯಿಯು ಹಸಿವಿನಿಂದಲೇ ಕೋಳಿಯನ್ನು ಹಿಡಿಯುತ್ತದೆಂದು ತಿಳಿಯುವುದು ಸರಿಯಲ್ಲ. ಹೊಟ್ಟೆ ತುಂಬಿದ ನಾಯಿಯೂ ಬೆನ್ನಟ್ಟುವುದು. ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚಿ ಹಿಡಿಯುವುದು, ಕೊಲ್ಲುವುದು ಎಂಬಿವು ಒಂದರ ಹಿಂದೊಂದು ಬರುವ ಹುಟ್ಟುಗುಣಗಳು. ಬೇಟೆಯ ತಳಿಗಳಲ್ಲಿ ಅಟ್ಟುವ ಗುಣವನ್ನು ಮನುಷ್ಯರೇ ತಲೆಮಾರುಗಳಿಂದ ಆಯ್ದು ಬಲಪಡಿಸಿದ್ದಾರೆ. ಓಡುವ ವಸ್ತುವೇ ಇದಕ್ಕೆ ಕಿಡಿ. ಕುಳಿತ ಬೆಕ್ಕನ್ನು ಲೆಕ್ಕಿಸದ ನಾಯಿಯು ಅದು ಓಡಿದೊಡನೆ ಎರಗುವುದು. ಓಟದಲ್ಲಿಯೇ ನಾಯಿಗೆ ಸಂತೋಷವಿರುವುದರಿಂದ ಪ್ರತಿ ಸಲವೂ ಚಾಳಿಯು ಗಟ್ಟಿಯಾಗುವುದು. ಮೊಲದ ಮೇಲೆ ನಾಯಿ ಬಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ಅದಲ್ಲದೆ, ಮೊಲವನ್ನಟ್ಟಲು ಕಲಿತ ನಾಯಿಯು ಕುರಿಮರಿಯನ್ನು ಬಿಟ್ಟೀತೆಂದು ನಂಬುವುದು ಹೇಗೆ?

3ನೆಯ ವಾರದಿಂದ ಸುಮಾರು 12ನೆಯ ವಾರದವರೆಗೆ ನಾಯಿಮರಿಯು ಕಂಡ ಪ್ರಾಣಿಗಳನ್ನು ತನ್ನ ಬಳಗವೆಂದು ಸುಲಭವಾಗಿ ಒಪ್ಪಿಕೊಳ್ಳುವುದು. ಆದ ಕಾರಣ ಆ ದಿನಗಳಲ್ಲಿ ಅದನ್ನು ಕುರಿ ಕೋಳಿಗಳ ಸಮೀಪದಲ್ಲಿ, ಕಣ್ಗಾವಲಿನಲ್ಲಿ ಬೆಳೆಸತಕ್ಕದ್ದು. ಹೀಗೆ ಮಾಡಿದರೂ ಗುಣವು ತಗ್ಗುವುದೇ ಹೊರತು ಅಳಿಯುವುದಿಲ್ಲ. ತನ್ನ ಮನೆಯ ಬೆಕ್ಕಿನೊಡನೆ ಮಲಗುವ ನಾಯಿಯೇ ನೆರೆಮನೆಯ ಬೆಕ್ಕನ್ನು ಕೊಲ್ಲಬಹುದು.

ಬೆಳೆದ ನಾಯಿಯನ್ನು ಹಗ್ಗದಲ್ಲಿ ಹಿಡಿದು, ಕೋಳಿಗಳು ಕಂಡರೂ ಅದು ಉದ್ರೇಕಗೊಳ್ಳದಷ್ಟು ದೂರದಲ್ಲಿ ನಿಲ್ಲಿಸಬೇಕು. ಹೆಸರು ಹಿಡಿದು ಕರೆದಾಗ ಕೋಳಿಯನ್ನು ಬಿಟ್ಟು ಯಜಮಾನನತ್ತ ತಿರುಗಿದರೆ ತಕ್ಷಣ ರೊಟ್ಟಿಯ ಚೂರನ್ನೋ ಮಾಂಸದ ತುಣುಕನ್ನೋ ಕೊಡಬೇಕು. ದಿನಗಳೆದಂತೆ ದೂರವನ್ನು ತಗ್ಗಿಸಬಹುದು, ಅವಸರ ಕೂಡದು. ಕೋಳಿ ಸತ್ತ ಮೇಲೆ ನಾಯಿಯನ್ನು ಹೊಡೆಯುವುದು ವ್ಯರ್ಥ. ಆ ಏಟನ್ನು ಅದು ಕೋಳಿಯೊಡನೆ ಸೇರಿಸಿ ಅರಿಯದೆ, ಹೊಡೆದವನಿಗೆ ಹೆದರುವುದನ್ನು ಮಾತ್ರ ಕಲಿಯುವುದು. ಶಿಕ್ಷಣವಾದ ನಾಯಿಯಿದ್ದರೂ ಮನೆಯವರಿಲ್ಲದ ವೇಳೆ ಗೂಡಿಗೆ ಅಗುಳಿ, ಮರಿಗಳಿಗೆ ಹಟ್ಟಿ ಬೇಕೇ ಬೇಕು. ಎರಡು ಮೂರು ನಾಯಿಗಳು ಜೊತೆಗೂಡಿದಾಗ ಒಂಟಿಯಾಗಿ ಮಾಡದುದನ್ನೂ ಮಾಡುತ್ತವೆ.

ಕಚ್ಚಿಸಿಕೊಂಡ ಮರಿಯ ಗಾಯವು ಉಣ್ಣೆಯೊಳಗೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರಬಹುದು. ವಿಳಂಬವಿಲ್ಲದೆ ಪಶುವೈದ್ಯರಿಗೆ ತೋರಿಸತಕ್ಕದ್ದು. ಬಿಡಿಸಲು ಹೋದವರಿಗೆ ಹಲ್ಲು ತಗುಲಿದಲ್ಲಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಹುಚ್ಚುನಾಯಿ ರೋಗದ ಲಸಿಕೆಗಾಗಿ ಅಂದೇ ಆಸ್ಪತ್ರೆಗೆ ಹೋಗಬೇಕು.