ಅತ್ತೆಯ ಗುಳಿಗೆ, ಕಂಪ್ಯೂಟರಿನ ಬೀಗ

ಬೆಳಗಿನ ಕಾಫಿಯ ಜೊತೆ ನಿಮ್ಮ ಮನೆಯಲ್ಲಿ ಎಷ್ಟು ಮಾತ್ರೆ ಒಳಗಿಳಿಯುತ್ತವೆ, ಎಂದಾದರೂ ಎಣಿಸಿದ್ದೀರಾ? ಮೂಳೆಗೆ ಕ್ಯಾಲ್ಸಿಯಂ, ರಕ್ತಕ್ಕೆ ಕಬ್ಬಿಣಾಂಶ, ಸುಸ್ತಿಗೆ ಬಿ-12, ಪಕ್ಕದ ಮನೆಯಾಕೆ ಹೇಳಿದರೆಂದು ಮತ್ತೊಂದು. “ಇದೇನು ಔಷಧಿಯೇ, ಬರೀ ಶಕ್ತಿಗೆ ತಾನೆ?” ಅಂತ ನಮಗೆ ನಾವೇ ಹೇಳಿಕೊಳ್ಳುತ್ತೇವೆ. ಕಳೆದ ಮಳೆಗಾಲದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮತ್ತೆಗೆ ನಾಲ್ಕು ದಿನ ವಾಂತಿ, ತೀರದ ಬಾಯಾರಿಕೆ, ಮಲಬದ್ಧತೆ. ಐದನೆಯ ದಿನ ನನ್ನನ್ನೇ ನೋಡಿ “ಯಾರಮ್ಮಾ ನೀನು?” ಅಂದರು. ನನ್ನೆದೆ ಧಸಕ್ಕೆಂದಿತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಕೇಳಿದ್ದೇ, “ಏನೇನು ಮಾತ್ರೆ ತಗೋತಾರೆ? ಎಷ್ಟು ದಿನದಿಂದ?” ಪಟ್ಟಿಯನ್ನು ನಮ್ಮವರು ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಮನೆಗೋಡಿ ತೆರೆದರೆ ನೀಲಿ ಪರದೆ. 48 ಅಂಕಿಯ ಕೀಲಿ ಕೊಡಿ ಅಂತ! ಹಿಂದಿನ ವಾರವಷ್ಟೆ ಅದು ರಿಪೇರಿಯಾಗಿ ಬಂದಿತ್ತು.

ಉತ್ತರ ಸಿಕ್ಕಿದ್ದು ಅತ್ತೆಯ ಮಂಚದ ಕೆಳಗಿನ ಬಿಸ್ಕತ್ತಿನ ಡಬ್ಬದಲ್ಲಿ. ಒಳಗೆ ರಾಶಿ ಖಾಲಿ ಸ್ಟ್ರಿಪ್ಪುಗಳು. ವಾರಕ್ಕೊಂದೆಂದು ಬರೆದುಕೊಟ್ಟಿದ್ದ 60,000 ಯೂನಿಟ್ಟಿನ ವಿಟಮಿನ್ ಡಿ ಗುಳಿಗೆಯನ್ನು ದಿನಕ್ಕೊಂದರಂತೆ ಎರಡು ತಿಂಗಳು ನುಂಗಿದ್ದರು! ಮುಗಿದಾಗಲೆಲ್ಲ ಪಕ್ಕದ ಮನೆ ಹುಡುಗನ ಕೈಲಿ ತರಿಸಿಕೊಂಡಿದ್ದರು, ಪಾಪ, ಮಂಡಿನೋವು ಬೇಗ ಹೋಗಲಿ ಅಂತ.

ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಸುಮಾರು 600 ಯೂನಿಟ್. ಅಂದರೆ ಆ ಪುಟ್ಟ ಗುಳಿಗೆಯೊಂದರಲ್ಲಿ ನೂರು ದಿನದ್ದು ಅಡಗಿದೆ. ವಿಟಮಿನ್ ಸಿ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂತುಬಿಡುತ್ತದೆ. ಕರುಳು ಅಗತ್ಯಕ್ಕಿಂತ ಹೆಚ್ಚು ಕ್ಯಾಲ್ಸಿಯಂ ಹೀರಿ ರಕ್ತಕ್ಕೆ ಬಿಡುತ್ತದೆ. ವಾಂತಿ, ಬಾಯಾರಿಕೆ, ಮಂಕು ಎಲ್ಲ ಅದರಿಂದಲೇ. ಮೂತ್ರಪಿಂಡಕ್ಕೂ ಪೆಟ್ಟು. ರಕ್ತ ಪರೀಕ್ಷೆಯಲ್ಲಿ ಅದೇ ಕಂಡಿತು. ಗುಳಿಗೆಯ ಜೊತೆ ಕ್ಯಾಲ್ಸಿಯಂ ಮಾತ್ರೆಯನ್ನೂ ನಿಲ್ಲಿಸಿ, ಡ್ರಿಪ್ ಹಾಕಿ, ಅತ್ತೆಯನ್ನು ಉಳಿಸಿಕೊಟ್ಟರು.

ಮಾತಿಗೆ ಹೇಳುತ್ತೇನೆ, ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ-ಟೀ ಜೊತೆ ನುಂಗಿದರೆ ಅರ್ಧ ವ್ಯರ್ಥ. ನಿಂಬೆ ಪಾನಕದ ಜೊತೆ ಮೈಗೆ ಹತ್ತುತ್ತದೆ. ಕ್ಯಾಲ್ಸಿಯಂ ಬೇರೆ ಹೊತ್ತಿನಲ್ಲಿರಲಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇವೆರಡಕ್ಕೂ ನಾಲ್ಕು ಗಂಟೆ ಅಂತರ ಬಿಡಬೇಕು.

ಇನ್ನು ಆ ಬೀಗದ ಕಥೆ. ನಿಮ್ಮ ಮನೆಯಲ್ಲೂ ವಿಂಡೋಸ್ ಕಂಪ್ಯೂಟರ್ ಇದ್ದರೆ ಕೇಳಿ. ಬರೀ ಪಾಸ್‌ವರ್ಡ್ ಮರೆತಿದ್ದರೆ ಭಯವಿಲ್ಲ. ಇಮೇಲ್ ಖಾತೆಯಿಂದ ಒಳಹೋಗುವವರಿಗೆ ಪರದೆಯ ಮೇಲೇ ‘ಮರೆತಿದ್ದೇನೆ’ ಎಂಬ ದಾರಿ ಇರುತ್ತದೆ, ಮೊಬೈಲಿಗೋ ಇಮೇಲಿಗೋ ಸಂಕೇತ ಬರುತ್ತದೆ. 48 ಅಂಕಿ ಕೇಳಿದರೆ ಅದು ಬಿಟ್‌ಲಾಕರ್ ಎಂಬ ಬೇರೆ ಬೀಗ. ಒಳಗಿನ ಭಾಗ ಬದಲಾಯಿಸಿದಾಗ ಕಳ್ಳನೇನೋ ಎಂದು ಅನುಮಾನಪಟ್ಟು ಹಾಕಿಕೊಳ್ಳುವುದುಂಟು. ಆ ಕೀಲಿ ಸಾಮಾನ್ಯವಾಗಿ ಯಜಮಾನರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಮೊಬೈಲಿನಿಂದಲೇ ಒಳಹೊಕ್ಕು ನೋಡಬಹುದು. ಅಲ್ಲಿಲ್ಲವಾದರೆ ಯಾವುದೋ ಪೆನ್‌ಡ್ರೈವಿನಲ್ಲೋ ಮುದ್ರಿಸಿಟ್ಟ ಹಾಳೆಯಲ್ಲೋ ಹುಡುಕಿ. ಎಲ್ಲೂ ಸಿಗದಿದ್ದರೆ ಅಂಗಡಿಯವನೂ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡಬಲ್ಲ, ಅಷ್ಟೆ. “ನಾನು ತೆಗೆದುಕೊಡ್ತೀನಿ, ಓಟಿಪಿ ಹೇಳಿ” ಅಂತ ಫೋನಿನಲ್ಲಿ ಯಾರಾದರೂ ಅಂದರೆ ಫೋನು ಇಟ್ಟುಬಿಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ತಿಳಿಸಿ.

ನಮ್ಮ ಕಂಪ್ಯೂಟರ್ ಮೂರನೆಯ ದಿನ ತೆರೆಯಿತು. ಆ 48 ಅಂಕಿ ಈಗ ಬ್ಯಾಂಕಿನ ಪಾಸ್‌ಬುಕ್ ಜೊತೆ ಬೀರುವಿನಲ್ಲಿದೆ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಬರೆದುಕೊಟ್ಟವರು ಯಾರು ಎಂಬುದೆಲ್ಲ ಅಡಿಗೆಮನೆ ಕಪಾಟಿನ ಬಾಗಿಲಿಗೆ ಅಂಟಿದೆ, ಅತ್ತೆಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ. ಅಂದು ಕಂಪ್ಯೂಟರಿನ ಪಟ್ಟಿಯಲ್ಲಿ ನಮ್ಮವರು ಸರಿಯಾಗಿಯೇ ಬರೆದಿದ್ದರು: “ವಿಟಮಿನ್ ಡಿ, ವಾರಕ್ಕೊಂದು, ಭಾನುವಾರ ಮಾತ್ರ.”